ಕಾಣದ ದೇವರನ್ನು ನಂಬುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಹೆಚ್ಚುಕಡಿಮೆ ಅಷ್ಟೇ ವರ್ಷಗಳಿಂದ ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳ ಕ್ಲಾಸು ತೆಗೆದುಕೊಳ್ಳುತ್ತಿದ್ದೇನೆ. ಸೋಮವಾರ ‘ನೋಡಿ, ಅಳೆದು, ಆಮೇಲೆ ಒಪ್ಪಿರಿ’ ಅನ್ನುವ ಟೀಚರ್ ಭಾನುವಾರ ‘ಕಾಣದ ದೇವರನ್ನು ನಂಬಿರಿ’ ಅಂದರೆ ಮಕ್ಕಳು ಸುಮ್ಮನಿರುತ್ತಾರೆಯೇ? ಕೇಳಿಯೇ ಕೇಳಿದರು. ಮಕ್ಕಳಷ್ಟೇ ಅಲ್ಲ, ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳಿದ್ದಾರೆ. ಸಾವಿನ ಮನೆಯಲ್ಲಿ ಕೈ ಹಿಡಿದುಕೊಂಡು ಕೇಳಿದವರಿದ್ದಾರೆ. ಆ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಬರೆದಿದ್ದೇನೆ. ನಾನು ಪಾಸ್ಟರ್ ಅಲ್ಲ. ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಪರವಾಗಿ ಬರೆಯುತ್ತಿಲ್ಲ. ನಾನು ಓದಿದ್ದು, ನಂಬಿದ್ದು, ಬಾಳಿದ್ದು ಇಷ್ಟು.

ಕಾಣದ್ದನ್ನು ನಂಬುವುದು ಅಂದ್ರೆ ಕುರುಡು ನಂಬಿಕೆ ಅಲ್ವಾ?

ಅಲ್ಲ. ಆದರೆ ಈ ಪ್ರಶ್ನೆ ಎಲ್ಲಿಂದ ಬರುತ್ತದೆ ಅಂತ ಗೊತ್ತು. ‘ಸುಮ್ನೆ ನಂಬು, ಜಾಸ್ತಿ ಪ್ರಶ್ನೆ ಕೇಳಬೇಡ’ ಅಂತ ನಮ್ಮವರೇ ಎಷ್ಟೋ ಜನ ಹೇಳಿಬಿಟ್ಟಿದ್ದಾರೆ.

ನಮ್ಮ ಅಜ್ಜನ ಊರು ರೋಣದ ಕಡೆ. ಅಲ್ಲಿ ಆಗ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಈಗಿನ ಮಕ್ಕಳಿಗೆ ಹಗೇವು ಗೊತ್ತಿಲ್ಲ. ನೆಲದೊಳಗೆ ಆಳವಾಗಿ ತೋಡಿದ ಕಣಜ ಅದು. ಒಳಗೆ ಸುತ್ತಲೂ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದು ಸಮ ಮಾಡುತ್ತಿದ್ದರು. ನಾವು ಅದರ ಮೇಲೆ ಕುಂಟಾಟ ಆಡುತ್ತಿದ್ದೆವು. ವರ್ಷಗಟ್ಟಲೆ ಒಂದು ಕಾಳೂ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೂ ಮಳೆ ಕೈಕೊಟ್ಟ ವರ್ಷ ನಮ್ಮ ಆಯಿ (ಅಜ್ಜಿ) ಹೆದರಲಿಲ್ಲ. ಹಗೇವು ತುಂಬಿದೆ ಅಂತ ಅಜ್ಜ ಹೇಳಿದ್ದರು. ಅಜ್ಜ ಸುಳ್ಳು ಹೇಳುವವರಲ್ಲ. ಆಯಿ ನಂಬಿದ್ದು ನೆಲವನ್ನಲ್ಲ, ಅಜ್ಜನನ್ನು.

ಇನ್ನೊಂದು ಸಂಗತಿ ಇದೆ. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವರ ಪ್ರಾಣ ಹೋಗುತ್ತದೆ. ಬಾಯಿ ತೆರೆದು ಬಹಳ ಹೊತ್ತು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಕಂದೀಲು ಆರಿತು ಅಂದರೆ ಇಳಿಯುವ ಹಾಗಿಲ್ಲ. ಅಜ್ಜನ ಮಾತಿನ ಮೇಲೆ ನಂಬಿಕೆ ಇಲ್ಲ ಅಂತ ಕಂದೀಲು ಬಿಡುತ್ತಿದ್ದರೇ? ಅಲ್ಲ. ನಂಬಿಕೆಯೂ ಇತ್ತು, ಪರೀಕ್ಷೆಯೂ ಇತ್ತು. ಕ್ರೈಸ್ತ ನಂಬಿಕೆ ನನಗೆ ಅರ್ಥವಾಗಿರುವುದು ಹೀಗೆ. ಮುಂದಿನ ಉತ್ತರಗಳಲ್ಲೂ ಈ ಹಗೇವು ಮತ್ತೆ ಬರುತ್ತದೆ.

ಬೈಬಲ್ ಪ್ರಕಾರ ನಂಬಿಕೆ ಅಂದರೆ ಏನು?

ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದ ಮೊದಲ ವಚನವನ್ನು ನಮ್ಮಲ್ಲಿ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸುತ್ತಾರೆ. ನಿರೀಕ್ಷಿಸುವ ಸಂಗತಿಗಳ ಬಗ್ಗೆ ಭರವಸೆಯಿಂದ ಇರುವುದು, ಕಣ್ಣಿಗೆ ಕಾಣದವುಗಳನ್ನು ನಿಜ ಅಂತ ತಿಳಿಯುವುದು ಅನ್ನುವುದು ಅದರ ಸಾರ. ತುಂಬ ಜನ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ದಯವಿಟ್ಟು ಮುಂದೆ ಓದಿ. ಮುಂದೆ ಇರುವುದು ಸಾಲುಸಾಲಾಗಿ ಜನ. ನೋಹ, ಅಬ್ರಹಾಮ, ಸಾರಾ, ಮೋಶೆ, ರಾಹಾಬ. ಅಬ್ರಹಾಮ ತಾನು ಎಲ್ಲಿಗೆ ಹೋಗುತ್ತೇನೆ ಅಂತ ತಿಳಿಯದೆ ಹೊರಟ ಅಂತ ಬರೆದಿದೆ. ಹೋಗುವ ಊರು ಗೊತ್ತಿರಲಿಲ್ಲ, ಕರೆದವರು ಯಾರು ಅಂತ ಗೊತ್ತಿತ್ತು.

ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ನಂಬಿಕೆಗೆ ಇರುವ ಪದ ‘ಪಿಸ್ಟಿಸ್’. ನಂಬುವುದು ಅಂತಲೂ ಅದಕ್ಕೆ ಅರ್ಥ ಇದೆ, ನಂಬಿಗಸ್ತರಾಗಿ ಉಳಿಯುವುದು ಅಂತಲೂ ಇದೆ. ಮೊದಲ ಭಾಗವಾದ ಹಳೆ ಒಡಂಬಡಿಕೆಯ ಹೀಬ್ರೂ ಪದ ‘ಎಮುನಾ’. ಗಟ್ಟಿಯಾಗಿ ನಿಲ್ಲುವುದು ಅನ್ನುವ ಮೂಲದಿಂದ ಅದು ಬಂದಿದೆ. ಪ್ರಾರ್ಥನೆ ಮುಗಿದಾಗ ನಾವು ಹೇಳುವ ‘ಆಮೆನ್’ ಕೂಡ ಅದೇ ಮೂಲದ್ದು.

ನಮ್ಮ ಕಡೆ ‘ಅಂವಾ ನಂಬಿಗಸ್ತ ಮನಷ್ಯಾ’ ಅಂತ ಯಾವಾಗ ಹೇಳುತ್ತಾರೆ? ಸಾಲ ಕೊಡುವಾಗ. ಹೆಣ್ಣು ಕೊಡುವಾಗ. ಮನೆಯ ಕೀಲಿ ಪಕ್ಕದವರ ಕೈಗೆ ಕೊಟ್ಟು ಊರಿಗೆ ಹೋಗುವಾಗ. ಬೈಬಲ್ಲಿನ ನಂಬಿಕೆ ಈ ಜಾತಿಯದು. ‘ದೇವರು ಇದ್ದಾನೆ’ ಅಂತ ತಲೆಯಲ್ಲಿ ಒಪ್ಪಿಕೊಳ್ಳುವುದು ಅದರಲ್ಲಿ ಬಹಳ ಸಣ್ಣ ಭಾಗ. ಅಷ್ಟನ್ನು ದೆವ್ವಗಳೂ ಒಪ್ಪಿಕೊಂಡು ನಡುಗುತ್ತವೆ ಅಂತ ಯಾಕೋಬನ ಪತ್ರ ಹೇಳುತ್ತದೆ. ಕೀಲಿ ಕೊಡುವುದು ಬೇರೆ ಮಾತು.

ಸಾಕ್ಷಿ ಅಂದ್ರೆ ಪ್ರಯೋಗ ಮಾಡಿ ತೋರಿಸುವುದು ತಾನೆ? ಉಳಿದದ್ದೆಲ್ಲ ಬರೀ ಮಾತಲ್ವಾ?

ಹತ್ತನೇ ಕ್ಲಾಸಿನ ಒಬ್ಬ ಹುಡುಗ ಇದನ್ನು ಕೇಳಿದಾಗ ನಾನು ಅವನಿಗೆ ತಿರುಗಿ ಕೇಳಿದೆ: ‘ಕಿಟೆಲ್ ಸಾಹೇಬರು ಇದ್ದರು ಅಂತ ನಿನಗೆ ಹೇಗೆ ಗೊತ್ತು?’ ಅವನು ದಿನಾ ಕಿಟೆಲ್ ಕಾಲೇಜಿನ ಮುಂದೆ ಹಾದುಹೋಗುವವನು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಂದರು. 1894ರಲ್ಲಿ ಅವರ ಕನ್ನಡ ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ತೀರಿಕೊಂಡರು. ಇದನ್ನು ಯಾವ ಲ್ಯಾಬಿನಲ್ಲಿ ಮತ್ತೆ ಮಾಡಿ ತೋರಿಸುತ್ತೀರಿ? ನೀರನ್ನು ಕುದಿಸಿದರೆ ಎಷ್ಟು ಡಿಗ್ರಿಗೆ ಕುದಿಯುತ್ತದೆ ಅಂತ ನಾಳೆಯೂ ನೋಡಬಹುದು. ನಿನ್ನೆ ನಡೆದುಹೋದದ್ದನ್ನು ಹಾಗೆ ನೋಡಲಾಗುವುದಿಲ್ಲ. ಅದಕ್ಕೆ ಬೇಕಾದದ್ದು ಬರಹ, ಕಂಡವರ ಮಾತು, ಉಳಿದ ಗುರುತು. ಕೋರ್ಟು ನಡೆಯುವುದೂ ಇದರ ಮೇಲೆಯೇ.

ಹುಡುಗ ಚುರುಕಾಗಿದ್ದ. ‘ಟೀಚರ್, ಕಿಟೆಲ್ ಸತ್ತು ಎದ್ದು ಬಂದ್ರು ಅಂತ ಯಾರೂ ಹೇಳಂಗಿಲ್ಲಲ್ರೀ’ ಅಂದ. ಸರಿಯಾದ ಮಾತು. ಹೇಳುವ ಸಂಗತಿ ದೊಡ್ಡದಾದಷ್ಟೂ ಕೇಳುವವರು ಜಾಸ್ತಿ ಎಚ್ಚರವಾಗಿರಬೇಕು. ಅದನ್ನು ನಾನು ಒಪ್ಪುತ್ತೇನೆ. ಅದಕ್ಕೇ ಮುಂದಿನ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿದ್ದೇನೆ.

ಯೇಸು ನಿಜವಾಗಿ ಬದುಕಿದ್ದರು ಅನ್ನುವುದಕ್ಕೆ ಬೈಬಲ್ ಬಿಟ್ಟು ಬೇರೆ ಸಾಕ್ಷಿ ಇದೆಯಾ?

ಇದೆ. ತಾಸಿತಸ್ ಅನ್ನುವ ರೋಮಿನ ಇತಿಹಾಸಕಾರ ಕ್ರಿ.ಶ. 116ರ ಸುಮಾರಿಗೆ ಬರೆದಿದ್ದಾನೆ. ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ರೋಮಿನ ಅಧಿಕಾರಿ ಪೊಂತ್ಯ ಪಿಲಾತ ‘ಕ್ರಿಸ್ತ’ನಿಗೆ ಮರಣದಂಡನೆ ಕೊಟ್ಟ ಅಂತ ಅದರಲ್ಲಿದೆ. ಅವನಿಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ ನಮಗೆ ಅನುಕೂಲ ಮಾಡಿಕೊಡಲು ಬರೆದ ಅಂತ ಹೇಳುವ ಹಾಗಿಲ್ಲ. ಅದಕ್ಕೂ ಮೊದಲು, 93ರ ಸುಮಾರಿಗೆ, ಯೆಹೂದಿ ಇತಿಹಾಸಕಾರ ಜೋಸೆಫಸ್ ‘ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮ ಯಾಕೋಬ’ನ ಸಾವಿನ ಬಗ್ಗೆ ಬರೆದಿದ್ದಾನೆ. ಜೋಸೆಫಸನ ಪುಸ್ತಕದಲ್ಲಿ ಯೇಸುವಿನ ಬಗ್ಗೆ ಇನ್ನೊಂದು ಉದ್ದನೆಯ ಭಾಗ ಇದೆ. ಅದರಲ್ಲಿ ಮುಂದೆ ಯಾರೋ ಕ್ರೈಸ್ತರು ಕೈಯಾಡಿಸಿದ್ದಾರೆ ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನಮ್ಮ ಕೆಲವು ಭಾಷಣಗಳಲ್ಲಿ ಅದನ್ನೇ ಎತ್ತಿ ಹೇಳುತ್ತಾರೆ. ಹಾಗೆ ಮಾಡಬಾರದು.

ಕಲ್ಲು ಮಣ್ಣಿನ ಗುರುತುಗಳೂ ಇವೆ. 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಪಿಲಾತನ ಹೆಸರು ಕೆತ್ತಿದ ಕಲ್ಲು ಸಿಕ್ಕಿತು. 2004ರಲ್ಲಿ ಯೆರೂಸಲೇಮಿನಲ್ಲಿ ಚರಂಡಿ ಪೈಪಿನ ಕೆಲಸ ಮಾಡುವಾಗ ಸಿಲೋವ ಕೊಳದ ಮೆಟ್ಟಿಲುಗಳು ಕಂಡವು. ಹುಟ್ಟು ಕುರುಡನನ್ನು ಕಣ್ಣು ತೊಳೆದುಕೊಳ್ಳಲು ಯೇಸುಸ್ವಾಮಿ ಕಳಿಸಿದ ಕೊಳ ಅದು, ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಬರುತ್ತದೆ. ಸುವಾರ್ತೆ ಅಂದರೆ ಯೇಸುಸ್ವಾಮಿಯ ಬದುಕನ್ನು ಹೇಳುವ ಬೈಬಲ್ಲಿನ ನಾಲ್ಕು ಪುಸ್ತಕಗಳಲ್ಲಿ ಒಂದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಒಂದು ಗ್ರಂಥಾಲಯದಲ್ಲಿ ಯೋಹಾನನ ಸುವಾರ್ತೆಯ ಒಂದು ತುಂಡು ಇದೆ. ಅಂಗೈಯಷ್ಟೇ ದೊಡ್ಡದು, ಎರಡನೇ ಶತಮಾನದ್ದು ಅನ್ನುತ್ತಾರೆ. ಅದರಲ್ಲಿ ಪಿಲಾತ ಯೇಸುವನ್ನು ವಿಚಾರಣೆ ಮಾಡುವ ಸಾಲುಗಳಿವೆ.

ಇವೆಲ್ಲ ಏನನ್ನು ತೋರಿಸುತ್ತವೆ? ಯೇಸು ಅನ್ನುವವರು ಬದುಕಿದ್ದರು, ಶಿಲುಬೆಗೆ ಏರಿದರು, ಸುವಾರ್ತೆಗಳಲ್ಲಿ ಬರುವ ಊರು ಕೊಳಗಳು ಕಟ್ಟುಕಥೆಯಲ್ಲ ಅಂತ. ಅವರು ದೇವರ ಮಗ ಅಂತ ಯಾವ ಕಲ್ಲೂ ತೋರಿಸುವುದಿಲ್ಲ. ಕಲ್ಲಿನಿಂದ ಅಷ್ಟನ್ನು ಕೇಳುವುದೂ ಸರಿಯಲ್ಲ.

ಹಾಗಾದ್ರೆ ಅವರು ಸತ್ತು ಎದ್ದು ಬಂದರು ಅನ್ನುವುದಕ್ಕೆ?

ಕಂಡವರ ಮಾತು ಇದೆ. ಯೇಸುವಿನ ಸುದ್ದಿಯನ್ನು ಊರೂರಿಗೆ ಸಾರಿದ ಪೌಲ ಕೊರಿಂಥ ಅನ್ನುವ ಊರಿನವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಓದಿ. ಯೇಸುಸ್ವಾಮಿ ಶಿಲುಬೆಗೆ ಏರಿ ಸುಮಾರು 25 ವರ್ಷಕ್ಕೆ ಬರೆದ ಪತ್ರ ಅದು. ಯಾರು ಯಾರಿಗೆ ಕಾಣಿಸಿಕೊಂಡರು ಅಂತ ಪಟ್ಟಿ ಕೊಡುತ್ತಾನೆ. ಒಂದೇ ಸಲ ಐನೂರಕ್ಕಿಂತ ಜಾಸ್ತಿ ಜನಕ್ಕೆ ಕಾಣಿಸಿಕೊಂಡರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಬೇಕಾದರೆ ಹೋಗಿ ಕೇಳಿ ಅನ್ನುವ ಧಾಟಿ ಅಲ್ವಾ ಇದು? ಅದೇ ಅಧ್ಯಾಯದಲ್ಲಿ, ಕ್ರಿಸ್ತ ಎದ್ದು ಬರದಿದ್ದರೆ ನಿಮ್ಮ ನಂಬಿಕೆ ವ್ಯರ್ಥ ಅಂತಲೂ ಬರೆದಿದ್ದಾನೆ. ‘ನಡೆದಿರಲಿ ಬಿಡಲಿ, ಮನಸ್ಸಿಗೆ ಸಮಾಧಾನ ಸಿಕ್ಕರೆ ಸಾಕು’ ಅಂತ ಅವನು ಹೇಳಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಇನ್ನೊಂದಿದೆ. ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಆ ಕಾಲದ ಸಮಾಜದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಶಿಷ್ಯರೇ ಅವರ ಮಾತನ್ನು ಹುಚ್ಚುಮಾತು ಅಂದುಕೊಂಡರು ಅಂತ ಲೂಕ ಬರೆದಿದ್ದಾನೆ. ಕಥೆ ಕಟ್ಟುವವರು ಇಂಥ ಸಾಕ್ಷಿಗಳನ್ನು ಮುಂದೆ ತಂದು ನಿಲ್ಲಿಸುವುದಿಲ್ಲ. ಹಾಗೆಯೇ, ಗುರುವನ್ನು ಹಿಡಿದ ರಾತ್ರಿ ಓಡಿಹೋದ ಶಿಷ್ಯರು ಕೆಲವೇ ವಾರಗಳಲ್ಲಿ ಅದೇ ಯೆರೂಸಲೇಮಿನ ಬೀದಿಯಲ್ಲಿ ನಿಂತು ಮಾತಾಡಿದರು. ನಡುವೆ ಏನೋ ನಡೆದಿದೆ.

ಇದನ್ನು ಬೇರೆ ಥರ ವಿವರಿಸುವವರೂ ಇದ್ದಾರೆ. ದುಃಖದಲ್ಲಿ ಕಂಡ ಭ್ರಮೆ ಅನ್ನುತ್ತಾರೆ, ದಂತಕಥೆ ಬೆಳೆಯಿತು ಅನ್ನುತ್ತಾರೆ. ಅವರನ್ನು ದಡ್ಡರು ಅಂತ ನಾನು ಕರೆಯುವುದಿಲ್ಲ. ಎಲ್ಲ ಮಾತನ್ನೂ ಕೇಳಿ, ತೂಗಿ, ಕಂಡವರ ಮಾತಿನ ಕಡೆ ನಾನು ನಿಂತಿದ್ದೇನೆ. ಆಯಿ ಅಜ್ಜನ ಮಾತಿನ ಮೇಲೆ ನಿಂತ ಹಾಗೆ.

ತೋಮನಿಗೆ ಕಣ್ಣಾರೆ ತೋರಿಸಿದರು. ನಮಗೆ ಯಾಕೆ ಇಲ್ಲ?

ನನ್ನ ಕ್ಲಾಸಿನಲ್ಲಿ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಯೋಹಾನನ ಸುವಾರ್ತೆಯ 20ನೇ ಅಧ್ಯಾಯವನ್ನು ಎದುರಿಗೆ ಇಟ್ಟುಕೊಂಡು ನಿಧಾನವಾಗಿ ಓದೋಣ.

ತೋಮ ಯೇಸುಸ್ವಾಮಿಯ ಹನ್ನೆರಡು ಶಿಷ್ಯರಲ್ಲಿ ಒಬ್ಬ. ಸ್ವಾಮಿ ಎದ್ದು ಬಂದದ್ದನ್ನು ಕಂಡೆವು ಅಂತ ಉಳಿದವರು ಹೇಳಿದಾಗ ಅವನು ನಂಬಲಿಲ್ಲ. ಮೊದಲು ಅವನಿಗೆ ನ್ಯಾಯ ಸಿಗಬೇಕು. ಎರಡು ಸಾವಿರ ವರ್ಷದಿಂದ ಅವನನ್ನು ‘ಸಂದೇಹದ ತೋಮ’ ಅಂತಲೇ ಕರೆಯುತ್ತೇವೆ. ಅವನು ಕೇಳಿದ್ದೇನು? ಗಾಯಗಳನ್ನು ನೋಡಬೇಕು, ಮುಟ್ಟಬೇಕು ಅಂತ. ಉಳಿದ ಶಿಷ್ಯರಿಗೆ ಯೇಸುಸ್ವಾಮಿ ಆಗಲೇ ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದ್ದರು. ಆ ದಿನ ತೋಮ ಅಲ್ಲಿರಲಿಲ್ಲ, ಅಷ್ಟೇ. ಬೇರೆಯವರಿಗೆ ಸಿಕ್ಕದ್ದನ್ನೇ ಅವನು ಕೇಳಿದ. ಅವನು ಹೇಡಿಯೂ ಅಲ್ಲ. ಲಾಜರನ ಊರಿಗೆ ಹೋದರೆ ಜೀವಕ್ಕೆ ಅಪಾಯ ಅಂತ ಎಲ್ಲರೂ ಹೆದರಿದಾಗ, ನಾವೂ ಹೋಗಿ ಅವರ ಜೊತೆ ಸಾಯೋಣ ಅಂದವನು ಇದೇ ತೋಮ. ಅದೇ ತೋಮ ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದ, ಚೆನ್ನೈಯ ಮೈಲಾಪುರದಲ್ಲಿ ಪ್ರಾಣ ಕೊಟ್ಟ ಅಂತ ನಮ್ಮ ದೇಶದ ಹಳೆಯ ಸಂಪ್ರದಾಯ ಹೇಳುತ್ತದೆ.

ಇನ್ನು ಯೇಸುಸ್ವಾಮಿ ಮತ್ತೆ ಬರುವವರೆಗಿನ ಆ ಎಂಟು ದಿನ. ‘ನಾನು ನಂಬುವುದೇ ಇಲ್ಲ’ ಅಂದ ಮೇಲೂ ತೋಮ ಅವರ ಜೊತೆಗೇ ಇದ್ದ. ಉಳಿದವರು ಅವನನ್ನು ಹೊರಗೆ ಹಾಕಲಿಲ್ಲ. ಎಂಟು ದಿನದ ಮೇಲೆ ಬಾಗಿಲು ಹಾಕಿಕೊಂಡು ಕೂತಿದ್ದಾಗ ಅವನೂ ಒಳಗೇ ಇದ್ದ. ಇದನ್ನು ಓದುವಾಗೆಲ್ಲ ನನಗೆ ನಮ್ಮ ಸಭೆಗಳ ನೆನಪು ಬರುತ್ತದೆ. ಪ್ರಶ್ನೆ ಕೇಳಿದ ಹುಡುಗನನ್ನು ಎಂಟು ದಿನ ಜೊತೆಯಲ್ಲಿ ಇಟ್ಟುಕೊಳ್ಳುವ ತಾಳ್ಮೆ ನಮಗಿದೆಯಾ?

ಯೇಸುಸ್ವಾಮಿ ಬಂದು ಬೈಯಲಿಲ್ಲ. ಮುಟ್ಟಿ ನೋಡು ಅಂದರು. ತೋಮ ನಿಜವಾಗಿ ಮುಟ್ಟಿದನೇ? ಅಲ್ಲಿ ಹಾಗೆ ಬರೆದಿಲ್ಲ. ಚಿತ್ರಗಳಲ್ಲಿ ಬೆರಳು ಇಡುವುದನ್ನು ನೋಡಿ ನೋಡಿ ನಾವು ಮುಟ್ಟಿದ ಅಂದುಕೊಂಡಿದ್ದೇವೆ. ‘ನನ್ನ ಸ್ವಾಮಿ, ನನ್ನ ದೇವರು’ ಅಂದ ಅಂತಷ್ಟೇ ಇದೆ. ಆಮೇಲೆ ಬರುವ ಮಾತು ನಮಗೆ ಸೇರಿದ್ದು: ನೋಡದೆ ನಂಬಿದವರು ಧನ್ಯರು. ಇದನ್ನು ತೋಮನಿಗೆ ಕೊಟ್ಟ ಏಟು ಅಂತ ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಮುಂದೆ ಹುಟ್ಟುವ ನಮ್ಮಂಥವರ ಮೇಲೆ, ಧಾರವಾಡದ ಮಳೆಯಲ್ಲಿ ಛತ್ರಿ ಹಿಡಿದು ಚರ್ಚಿಗೆ ಹೋಗುವವರ ಮೇಲೆ ಇಟ್ಟ ಆಶೀರ್ವಾದ ಅದು. ಅದರ ಬೆನ್ನಿಗೇ ಯೋಹಾನ ಬರೆಯುತ್ತಾನೆ, ನೀವು ನಂಬಬೇಕು ಅಂತಲೇ ಇವನ್ನೆಲ್ಲ ಬರೆದಿದ್ದೇನೆ ಅಂತ. ತೋಮನಿಗೆ ಗಾಯ ತೋರಿಸಿದರು. ನಮಗೆ ತೋಮನ ಸಾಕ್ಷಿಯನ್ನು ಕೊಟ್ಟರು. ಸುಲಭಕ್ಕೆ ನಂಬದವನೊಬ್ಬ ನಮ್ಮ ಪರವಾಗಿ ಎಲ್ಲ ಪ್ರಶ್ನೆ ಕೇಳಿ ಮುಗಿಸಿದ್ದಾನೆ.

ಇಟಲಿಯ ಟ್ಯೂರಿನ್ನಿನಲ್ಲಿ ಇಟ್ಟಿರುವ ಬಟ್ಟೆ ಯೇಸುವಿನ ಶವಕ್ಕೆ ಸುತ್ತಿದ್ದೇ ಅಂತಾರಲ್ಲ?

1988ರಲ್ಲಿ ಮೂರು ಲ್ಯಾಬುಗಳಲ್ಲಿ ಅದರ ಕಾರ್ಬನ್ ಪರೀಕ್ಷೆ ನಡೆಯಿತು. ಬಟ್ಟೆ 1260ರಿಂದ 1390ರ ನಡುವಿನದು ಅಂತ ಬಂತು. ಅದರ ಮೇಲೆ ಇನ್ನೂ ವಾದ ನಡೆಯುತ್ತಿದೆ. ಅದು ಯೇಸುವಿನದೇ ಅಂತ ಕಥೋಲಿಕ ಸಭೆಯೂ ಘೋಷಣೆ ಮಾಡಿಲ್ಲ. ನಿಮ್ಮ ನಂಬಿಕೆಯನ್ನು ಒಂದು ಬಟ್ಟೆಯ ಮೇಲೆ ಇಡಬೇಡಿ.

‘ನೋಹನ ನಾವೆ ಸಿಕ್ಕಿತು’ ಅಂತ ವಾಟ್ಸಾಪಿನಲ್ಲಿ ವಿಡಿಯೊ ಬಂದಿದೆ. ಎಲ್ಲರಿಗೂ ಕಳಿಸಲಾ?

ಬೇಡ. ಸತ್ಯವನ್ನು ಸಾರಲು ಸುಳ್ಳಿನ ಸಹಾಯ ಬೇಕಾಗಿಲ್ಲ.

ವಿಜ್ಞಾನ ಓದಿದವರು ದೇವರನ್ನು ನಂಬಬಹುದಾ?

ನಾನು ಬಟಾಣಿ ಗಿಡದ ಪಾಠ ಮಾಡುವಾಗ ಗ್ರೆಗರ್ ಮೆಂಡೆಲ್ ಹೆಸರು ಬರೆಯುತ್ತಿದ್ದೆ. ಅವರು ಮಠದ ಸನ್ಯಾಸಿ ಆಗಿದ್ದರು. ಮಠದ ತೋಟದಲ್ಲೇ ಬಟಾಣಿ ಬೆಳೆದು, ಎಣಿಸಿ, 1866ರಲ್ಲಿ ಪ್ರಕಟಿಸಿದರು. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಬರೆದ ಜಾರ್ಜ್ ಲೆಮೈತ್ರ್ ಬೆಲ್ಜಿಯಮ್ಮಿನ ಪಾದ್ರಿ. ಮಹಾಸ್ಫೋಟದ ವಿಚಾರ ಬೆಳೆದದ್ದು ಅವರ ಯೋಚನೆಯಿಂದ. ಹಾಗಂತ ಚರ್ಚು ಯಾವಾಗಲೂ ಸರಿ ಇತ್ತು ಅಂತ ಹೇಳುವಂತಿಲ್ಲ. 1633ರಲ್ಲಿ ಗೆಲಿಲಿಯೊನನ್ನು ವಿಚಾರಣೆಗೆ ಎಳೆದು ಶಿಕ್ಷೆ ಕೊಟ್ಟದ್ದು ಚರ್ಚು. ಆ ತಪ್ಪನ್ನು ಪೋಪ್ ಎರಡನೇ ಜಾನ್ ಪಾಲ್ ಬಾಯಿಬಿಟ್ಟು ಒಪ್ಪಿಕೊಂಡದ್ದು 1992ರಲ್ಲಿ.

ಮಳೆ ಹೇಗೆ ಬರುತ್ತದೆ ಅಂತ ತಿಳಿಯಲು ವಿಜ್ಞಾನದ ಪುಸ್ತಕ ತೆಗೆಯಿರಿ. ‘ಇದು ದೇವರಿಗೇ ಗೊತ್ತು’ ಅಂತ ಗೊತ್ತಿಲ್ಲದ ಕಡೆಯೆಲ್ಲ ದೇವರನ್ನು ತುರುಕಿದರೆ, ನಾಳೆ ಅದು ಗೊತ್ತಾದಾಗ ದೇವರಿಗೆ ಜಾಗವೇ ಉಳಿಯುವುದಿಲ್ಲ. ಗೊತ್ತಿರುವುದರಲ್ಲೂ ದೇವರು ಇದ್ದಾರೆ ಅಂತ ನಾನು ನಂಬುತ್ತೇನೆ.

ಇಷ್ಟು ಪ್ರಾರ್ಥನೆ ಮಾಡಿದರೂ ನಮ್ಮವರು ಉಳಿಯಲಿಲ್ಲ. ನಮ್ಮ ನಂಬಿಕೆ ಕಡಿಮೆ ಆಯಿತಾ?

ಇಲ್ಲ. ಯಾರಾದರೂ ನಿಮಗೆ ಹಾಗೆ ಹೇಳಿದ್ದರೆ, ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ನಮ್ಮ ಅವ್ವನಿಗೆ ಕ್ಯಾನ್ಸರ್ ಆಗಿತ್ತು. ಹದಿನಾಲ್ಕು ತಿಂಗಳು ಮನೆಯಲ್ಲಿ ಪ್ರಾರ್ಥನೆ ನಿಲ್ಲಲಿಲ್ಲ. ಉಪವಾಸ ಮಾಡಿದೆವು. ರಾತ್ರಿ ಎರಡು ಗಂಟೆಗೆ ಎದ್ದು ಮೊಣಕಾಲೂರಿದ್ದೇನೆ. ಅವ್ವ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೂರನೇ ದಿನ ಪ್ರಾರ್ಥನೆಗೆ ಅಂತ ಮನೆಗೆ ಬಂದ ಒಬ್ಬರು ಎಲ್ಲರ ಮುಂದೆ ಹೇಳಿದರು, ‘ಈ ಮನೆಯಲ್ಲಿ ಯಾರಿಗೋ ನಂಬಿಕೆ ಕಡಿಮೆ ಇತ್ತು’ ಅಂತ. ನನ್ನ ತಮ್ಮ ಆಗ ಕಾಲೇಜಿನಲ್ಲಿದ್ದ. ಆ ಯಾರೋ ತಾನೇ ಅಂದುಕೊಂಡ. ಆರು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಅವನ ಮುಖ ನೆನಪಾದರೆ ಈಗಲೂ ನನಗೆ ಸಂಕಟ ಆಗುತ್ತದೆ.

ಶಿಲುಬೆಗೆ ಏರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ಪ್ರಾರ್ಥನೆ ಮಾಡಿದರು, ಸಾಧ್ಯವಾದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರ ಹೋಗಲಿ ಅಂತ. ಹೋಗಲಿಲ್ಲ. ಅವರಿಗೆ ನಂಬಿಕೆ ಕಡಿಮೆ ಇತ್ತು ಅಂತ ಯಾರು ಹೇಳುತ್ತಾರೆ? ಪೌಲ ತನ್ನ ದೇಹದಲ್ಲಿ ನಾಟಿದ ಮುಳ್ಳು ಹೋಗಲಿ ಅಂತ ಮೂರು ಸಲ ಬೇಡಿಕೊಂಡ. ಹೋಗಲಿಲ್ಲ. ಸಾಸಿವೆ ಕಾಳಿನಷ್ಟು ನಂಬಿಕೆ ಸಾಕು ಅಂದ ಯೇಸುಸ್ವಾಮಿ ಸೇರು ಪಾವು ಇಟ್ಟುಕೊಂಡು ನಂಬಿಕೆ ಅಳೆಯಲಿಲ್ಲ. ಮಗನ ಕಾಯಿಲೆಗೆ ದಾರಿ ಕಾಣದೆ ಬಂದ ಒಬ್ಬ ತಂದೆ ಮಾರ್ಕನ 9ನೇ ಅಧ್ಯಾಯದಲ್ಲಿ ಇದ್ದಾನೆ. ‘ನಂಬುತ್ತೇನೆ, ನಂಬಲಾಗದ ನನಗೆ ಸಹಾಯ ಮಾಡಿ’ ಅನ್ನುವ ಅರ್ಥದಲ್ಲಿ ಕೂಗಿಕೊಂಡ. ಅರ್ಧ ನಂಬಿಕೆ, ಅರ್ಧ ಅಳು. ಅವನ ಮಗ ವಾಸಿಯಾದ.

ಹಾಗಾದರೆ ನಮ್ಮ ಅವ್ವ ಯಾಕೆ ವಾಸಿಯಾಗಲಿಲ್ಲ? ಒಳ್ಳೆಯವನಾಗಿದ್ದೂ ಎಲ್ಲವನ್ನೂ ಕಳೆದುಕೊಂಡ ಬೈಬಲ್ಲಿನ ಯೋಬನಿಗೂ ‘ಯಾಕೆ’ ಅನ್ನುವುದಕ್ಕೆ ಉತ್ತರ ಸಿಗಲಿಲ್ಲ. ಆದರೆ ಅವನ ಪುಸ್ತಕದ ಕೊನೆಯಲ್ಲಿ ದೇವರಿಗೆ ಸಿಟ್ಟು ಬಂದದ್ದು ಯಾರ ಮೇಲೆ ಅಂತ ನೋಡಿ. ಸಮಾಧಾನ ಹೇಳಲು ಬಂದು ಅವನ ಮೇಲೇ ತಪ್ಪು ಹೊರಿಸಿದ ಗೆಳೆಯರ ಮೇಲೆ.

ತಮ್ಮ ಆರು ವರ್ಷದ ಮೇಲೆ ಒಂದು ಕ್ರಿಸ್ಮಸ್ ರಾತ್ರಿ ತಾನಾಗಿ ಬಂದ. ಯಾರೂ ಏನೂ ಕೇಳಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸರಿದು ಜಾಗ ಮಾಡಿಕೊಟ್ಟು, ತಮ್ಮ ಕೀರ್ತನೆ ಪುಸ್ತಕವನ್ನು ಅವನ ಕಡೆ ಹಿಡಿದರು.

ಮಾತ್ರೆ ಬಿಟ್ಟು ಬರೀ ಪ್ರಾರ್ಥನೆ ಮಾಡಿದರೆ ಅದು ದೊಡ್ಡ ನಂಬಿಕೆ ಅಲ್ವಾ?

ಅಲ್ಲ. ಬಿಪಿ, ಶುಗರ್, ಫಿಟ್ಸ್ ಯಾವುದೇ ಇರಲಿ, ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸು ಅಂದವರ ಕೂಟಕ್ಕೆ ಮತ್ತೆ ಹೋಗಬೇಡಿ. ಸುವಾರ್ತೆ ಬರೆದ ಲೂಕ ವೈದ್ಯ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಪ್ರಾರ್ಥನೆಯನ್ನೂ ಕಲಿಸಿದರು, ಮುಂದೆ ಗದಗ ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ಕಟ್ಟಿದರು.

‘ಇದೊಂದು ಮಾಡಿಕೊಡು, ಆಗ ನಂಬುತ್ತೇನೆ’ ಅಂತ ದೇವರಿಗೆ ಹೇಳಬಹುದಾ?

ಪಿಯುಸಿ ರಿಸಲ್ಟಿನ ಹೊತ್ತಿಗೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಹಳೆ ಒಡಂಬಡಿಕೆಯ ನಾಯಕ ಗಿದ್ಯೋನ ಕಣದಲ್ಲಿ ಕುರಿಯ ಉಣ್ಣೆ ಇಟ್ಟು ಎರಡು ಸಲ ದೇವರನ್ನು ಪರೀಕ್ಷೆ ಮಾಡಿದ. ದೇವರು ತಾಳಿಕೊಂಡರು. ಆದರೆ ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಅಂತ ಸೈತಾನ ಹೇಳಿದಾಗ ಯೇಸುಸ್ವಾಮಿ ಒಪ್ಪಲಿಲ್ಲ. ಭಯದಲ್ಲಿ ಗುರುತು ಕೇಳುವುದು ಬೇರೆ, ಕರಾರು ಹಾಕುವುದು ಬೇರೆ. ಗಂಡನ ಮೇಲೆ ನಂಬಿಕೆ ಇಡಲು ದಿನಾ ಅವನ ಫೋನ್ ತೆಗೆದು ನೋಡುವ ಹೆಂಡತಿಗೆ ಎಷ್ಟು ದಿನ ನೋಡಿದರೂ ನಂಬಿಕೆ ಹುಟ್ಟುವುದಿಲ್ಲ.

‘ದೇವರು ನನಗೆ ಹೇಳಿದರು’ ಅಂತ ಒಬ್ಬರು ಹೇಳಿದರೆ ನಂಬಬೇಕಾ?

ಕಂದೀಲು ಇಳಿಬಿಡಿ. ಎಲ್ಲ ಆತ್ಮಗಳನ್ನೂ ನಂಬಬೇಡಿ, ಪರೀಕ್ಷೆ ಮಾಡಿ ಅಂತ ಯೋಹಾನನ ಮೊದಲ ಪತ್ರದ 4ನೇ ಅಧ್ಯಾಯದಲ್ಲೇ ಇದೆ. ಬೆರೋಯದ ಜನ ಪೌಲ ಹೇಳಿದ್ದು ನಿಜವೋ ಅಲ್ಲವೋ ಅಂತ ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದಕ್ಕಾಗಿ ಬೈಬಲ್ ಅವರನ್ನು ಹೊಗಳುತ್ತದೆ. ಅಪೊಸ್ತಲನ ಮಾತನ್ನೇ ಪರೀಕ್ಷೆ ಮಾಡಬಹುದಾದರೆ ಇವತ್ತಿನ ಭಾಷಣಕಾರರ ಮಾತನ್ನು ಯಾಕೆ ಮಾಡಬಾರದು?

ನಾನು ನೋಡುವುದು ಇಷ್ಟು. ಆ ಮಾತಿನಿಂದ ಯಾರಿಗೆ ಲಾಭ? ಹಣ ಕೇಳಿದರೇ? ಪ್ರಶ್ನೆ ಕೇಳಿದರೆ ಸಿಟ್ಟಾದರೇ? ಮನೆಯವರಿಂದ ನಿಮ್ಮನ್ನು ದೂರ ಮಾಡುತ್ತಿದ್ದಾರಾ? ಇವುಗಳಲ್ಲಿ ಒಂದು ಕಂಡರೂ ಕಂದೀಲು ಆರಿದೆ ಅಂತ ತಿಳಿಯಿರಿ.

ಸಂಶಯ ಬರುವುದು ಪಾಪಾನಾ?

ಸ್ನಾನಿಕನಾದ ಯೋಹಾನ (ಸುವಾರ್ತೆಯ ಯೋಹಾನ ಬೇರೆ) ಯೇಸುಸ್ವಾಮಿಗೆ ತನ್ನ ಕೈಯಿಂದ ನೀರಿನಲ್ಲಿ ದೀಕ್ಷಾಸ್ನಾನ ಕೊಟ್ಟವನು. ಅವನೇ ಜೈಲಿನಿಂದ ಹೇಳಿ ಕಳಿಸಿದ, ‘ಬರಬೇಕಾದವರು ನೀವೇನಾ, ಬೇರೆಯವರ ದಾರಿ ನೋಡಬೇಕಾ?’ ಅಂತ. ಯೇಸುಸ್ವಾಮಿ ಅವನನ್ನು ಬೈಯಲಿಲ್ಲ. ಕುರುಡರು ನೋಡುತ್ತಿದ್ದಾರೆ, ಬಡವರಿಗೆ ಶುಭವಾರ್ತೆ ಸಿಗುತ್ತಿದೆ, ಕಂಡದ್ದನ್ನು ಹೋಗಿ ಹೇಳಿ ಅಂದರು. ಬಂದವರು ಹೋದ ಮೇಲೆ ಜನರ ಮುಂದೆ ಯೋಹಾನನನ್ನು ಹೊಗಳಿದರು.

ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಅವರ ಪತ್ರಗಳು ಪ್ರಕಟವಾದವು. ದೇವರು ತನ್ನ ಹತ್ತಿರ ಇದ್ದಾರೆ ಅಂತಲೇ ಅನಿಸದೆ ದಶಕಗಳ ಕಾಲ ಕತ್ತಲಲ್ಲಿ ಇದ್ದೆ ಅಂತ ಅವುಗಳಲ್ಲಿ ಬರೆದಿದ್ದರು. ಓದಿದ ಕೆಲವರಿಗೆ ಆಘಾತ ಆಯಿತು. ನನಗೆ ಧೈರ್ಯ ಬಂತು. ಕೋಲ್ಕತ್ತದ ಬೀದಿಯಿಂದ ಸಾಯುವವರನ್ನು ಎತ್ತಿ ತಂದ ಅಷ್ಟೂ ವರ್ಷ ಅವರು ಅನಿಸಿಕೆಯ ಮೇಲೆ ನಡೆಯಲಿಲ್ಲ, ಕೊಟ್ಟ ಮಾತಿನ ಮೇಲೆ ನಡೆದರು.

ಒಂದು ಮಾತು ಮಾತ್ರ ನೆನಪಿಡಿ. ಸಂಶಯ ಬಂದಾಗ ಒಬ್ಬರೇ ಇರಬೇಡಿ. ತೋಮನ ಎಂಟು ದಿನ ನೆನಪಿದೆಯಲ್ಲ?

ನಮ್ಮ ಹಿಂದೂ, ಮುಸ್ಲಿಂ ನೆರೆಯವರೂ ಕಾಣದ ದೇವರನ್ನೇ ನಂಬುತ್ತಾರೆ. ಅವರಿಗೆ ಏನು ಹೇಳಲಿ?

ಮೊದಲು ಕೇಳಿಸಿಕೊಳ್ಳಿ. ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿದ ಷರೀಫರು ಬ್ರಾಹ್ಮಣರಾದ ಕಳಸದ ಗೋವಿಂದ ಭಟ್ಟರನ್ನು ಗುರು ಮಾಡಿಕೊಂಡ ನಾಡು ಇದು. ನಂಬಿಕೆಯ ಮಾತನ್ನು ಇಲ್ಲಿಯ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ನಾನು ಯೇಸುಸ್ವಾಮಿಯಲ್ಲಿ ದೇವರನ್ನು ಕಂಡೆ. ಕೇಳಿದವರಿಗೆ ಅದನ್ನು ಮುಚ್ಚಿಡದೆ ಹೇಳುತ್ತೇನೆ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ ಕೊಡಿ ಅಂತ ಪೇತ್ರ ಬರೆದಿದ್ದಾನೆ. ನಮ್ಮವರು ಮೊದಲ ಅರ್ಧವನ್ನು ಮಾತ್ರ ಬಾಯಿಪಾಠ ಮಾಡುತ್ತಾರೆ. ಆಸೆ ತೋರಿಸಿ, ಹೆದರಿಸಿ ಯಾರನ್ನೂ ಕರೆಯಬೇಡಿ. ಒತ್ತಾಯದಿಂದ ಬಂದದ್ದು ನಂಬಿಕೆ ಆಗುವುದೇ ಇಲ್ಲ.

ಮಗು ‘ದೇವರು ಎಲ್ಲಿ?’ ಅಂತ ಕೇಳಿದರೆ?

ಒಂದು ಸಲ ಹಳ್ಳಿಯ ರಜೆ ಶಿಬಿರದಲ್ಲಿ ಆರು ವರ್ಷದ ಹುಡುಗಿ ಕೇಳಿದಳು, ‘ಅಕ್ಕೋರೇ, ದೇವ್ರು ಎಲ್ಲಿ ಅದಾನ್ರೀ? ನಾ ಕರದ್ರ ಓ ಅನ್ನಂಗಿಲ್ಲ.’ ಎಲ್ಲ ಕಡೆ ಇದ್ದಾರೆ ಅಂತ ಹೇಳಿ ಮುಗಿಸಬಹುದಿತ್ತು. ಅದರಿಂದ ಅವಳಿಗೆ ಏನೂ ಸಿಗುತ್ತಿರಲಿಲ್ಲ. ‘ನಾನೂ ಕರೀತೀನಿ, ನನಗೂ ಓ ಅನ್ನೋದು ಕೇಳಿಲ್ಲ. ಆದ್ರೂ ದಿನಾ ಮಾತಾಡ್ತೀನಿ’ ಅಂದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಹಂಗಾರ ನಾನೂ ಮಾತಾಡ್ತೀನಿ’ ಅಂದಳು. ಮಕ್ಕಳಿಗೆ ನಿಮ್ಮಲ್ಲಿ ಇಲ್ಲದ ಖಚಿತತೆಯನ್ನು ತೋರಿಸಬೇಡಿ. ಅವು ಕಂಡುಹಿಡಿಯುತ್ತವೆ.

ಅಂದ್ರೆ ಕಣ್ಣಿಗೆ ಕಾಣುವ ಸಾಕ್ಷಿ ಒಂದೂ ಇಲ್ವಾ?

ಇದೆ, ಆದರೆ ಅದನ್ನು ನಾವೇ ಆಗಬೇಕು. ಕಂಡ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಅಂತ ಯೋಹಾನ ಬರೆದಿದ್ದಾನೆ. ನೀವು ಒಬ್ಬರನ್ನೊಬ್ಬರು ಪ್ರೀತಿಸಿದರೆ ನನ್ನ ಶಿಷ್ಯರು ಅಂತ ಎಲ್ಲರಿಗೂ ಗೊತ್ತಾಗುತ್ತದೆ ಅಂತ ಯೇಸುಸ್ವಾಮಿ ಹೇಳಿದರು.

2020ರ ಲಾಕ್‌ಡೌನಿನಲ್ಲಿ ನಮ್ಮ ಸಭೆಯ ಒಬ್ಬ ವಿಧವೆ ಅಕ್ಕ ದಿನಾ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದರು. ಹೆದ್ದಾರಿಯಲ್ಲಿ ನಡೆದುಹೋಗುವ ಕೂಲಿ ಜನಕ್ಕೆ ಬಟ್ಟೆಯಲ್ಲಿ ಕಟ್ಟಿ ಕೊಟ್ಟು ಬರುತ್ತಿದ್ದರು. ಅವರ ಮನೆಯಲ್ಲೇ ಜೋಳ ಕಡಿಮೆ ಇತ್ತು. ಯಾಕೆ ಅಂತ ಕೇಳಿದರೆ, ‘ಸ್ವಾಮಿ ಹಸದಾನ ಅಂತ ಬರದೈತಲ್ಲ’ ಅನ್ನುತ್ತಿದ್ದರು. ಹಸಿದವರಿಗೆ ಕೊಟ್ಟದ್ದು ನನಗೇ ಕೊಟ್ಟ ಹಾಗೆ ಅಂತ ಯೇಸುಸ್ವಾಮಿ ಹೇಳುವ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಅದು. ಅವರಿಗೆ ತಾಸಿತಸ್ ಗೊತ್ತಿಲ್ಲ, ಪಿಲಾತನ ಕಲ್ಲೂ ಗೊತ್ತಿಲ್ಲ. ಈ ಬರಹದ ಎಲ್ಲ ಇಸವಿಗಳಿಗಿಂತ ಆ ರೊಟ್ಟಿಯ ಗಂಟು ನನ್ನ ಮೇಲೆ ಜಾಸ್ತಿ ಕೆಲಸ ಮಾಡಿದೆ.

ನಂಬಬೇಕು ಅನಿಸುತ್ತದೆ, ಆದರೆ ಆಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮಾರ್ಕನ ಸುವಾರ್ತೆಯಿಂದ. ನಾಲ್ಕರಲ್ಲಿ ಚಿಕ್ಕದು, ಹದಿನಾರೇ ಅಧ್ಯಾಯ. ಧಾರವಾಡದಿಂದ ಹುಬ್ಬಳ್ಳಿಗೆ ಒಂದೆರಡು ಸಲ ಹೋಗಿ ಬರುವಷ್ಟರಲ್ಲಿ ಓದಿ ಮುಗಿಸಬಹುದು. ಅನುಮಾನ ಬಂದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ಅಳಿಸಬೇಡಿ. ಕೊನೆಯ ಅಧ್ಯಾಯದ 8ನೇ ವಚನದಲ್ಲಿ ಸ್ವಲ್ಪ ನಿಲ್ಲಿ. ನಮಗೆ ಸಿಕ್ಕಿರುವ ಅತಿ ಹಳೆಯ ಪ್ರತಿಗಳು ಅಲ್ಲಿಗೇ ಮುಗಿಯುತ್ತವೆ. ಖಾಲಿ ಸಮಾಧಿಯನ್ನು ಕಂಡ ಹೆಂಗಸರು ನಡುಗುತ್ತ ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ. ಮೊದಲು ಕಂಡವರ ಸ್ಥಿತಿಯೇ ಹಾಗಿತ್ತು.

ಭಾನುವಾರ ಬೆಳಿಗ್ಗೆ ನಿಮ್ಮ ಹತ್ತಿರದ ಯಾವ ಚರ್ಚಿಗಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಹಾಡಲು ಮನಸ್ಸಿಲ್ಲದಿದ್ದರೆ ಹಾಡಬೇಡಿ. ಆಮೆನ್ ಅನ್ನಲು ಮನಸ್ಸಿಲ್ಲದಿದ್ದರೆ ಅನ್ನಬೇಡಿ. ನನ್ನ ತಮ್ಮ ಈಗಲೂ ಅಲ್ಲೇ ಕೂರುತ್ತಾನೆ. ಹೊಸಬರು ಬಂದರೆ ಸರಿದು ಜಾಗ ಮಾಡಿಕೊಡುತ್ತಾನೆ.